ಬೆಲ್ಟಿಗೆ ಎಣ್ಣೆ, ಪುಸ್ತಕಕ್ಕೆ ಕುಂಕುಮ

ನಾನು ಡಿಗ್ರಿ ಮುಗಿಸುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದು ಹೇಳಿದವರು ನಮ್ಮ ಫೋರ್‌ಮನ್ ನಂಜುಂಡಪ್ಪನವರು. ಬೆನ್ನ ಹಿಂದೆ ಹೇಳಿದ್ದಲ್ಲ. ಅವರಿಗೆ ಆ ಅಭ್ಯಾಸವೇ ಇರಲಿಲ್ಲ. ಬೈಯುವುದಿದ್ದರೆ ಎದುರಿಗೇ, ಅದೂ ಗಿರಾಕಿಗಳು ತುಂಬಿರುವ ಹೊತ್ತು ನೋಡಿಕೊಂಡು ಬೈಯುತ್ತಿದ್ದರು.

"ಏನ್ಲಾ ರಂಗ, ಬಿ.ಎ. ಕಟ್ಟಿದ್ಯಂತೆ? ಗ್ರೀಸ್ ಕೈಲಿ ಡಿಗ್ರಿ ಹಿಡ್ಕಂಡ್ರೆ ಜಾರೋಗುತ್ತೆ ಕಣೋ. ಸುಮ್ನೆ ಸ್ಪ್ಯಾನರ್ ಹಿಡ್ಕ."

ಎಲ್ಲರೂ ನಕ್ಕರು. ಕಾರು ಬಿಡಲು ಬಂದಿದ್ದ ಒಬ್ಬ ಯಜಮಾನರು ನನ್ನ ಕೈಯನ್ನೇ ನೋಡಿದರು. ನಾನೂ ನೋಡಿಕೊಂಡೆ. ಸೀಮೆಎಣ್ಣೆ, ಬಟ್ಟೆ ಸೋಪು, ಇಟ್ಟಿಗೆ ಪುಡಿ ಎಲ್ಲ ಹಾಕಿ ತಿಕ್ಕಿದರೂ ಉಗುರಿನ ಸಂದಿನಲ್ಲಿ ಕಪ್ಪು ಉಳಿದಿತ್ತು.

ಈಗ ಐಟಿಐ ಮುಗಿಸಿ, ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ಕೆಲಸಕ್ಕೆ ಸೇರುವ ಹುಡುಗರು ನನ್ನ ಹತ್ತಿರ ಬಂದು, "ನಿಮ್ಮ ಕಾಲದಲ್ಲಿ ಹೆಂಗಿತ್ತು ಸರ್?" ಎಂದು ಕೇಳುತ್ತಾರೆ. ನಾನು ಹೆಲ್ಪರ್ ಆಗಿದ್ದವನು ಯಾವಾಗ ಮೆಕ್ಯಾನಿಕ್ ಆದೆ, ಯಾವಾಗ ಸೀನಿಯರ್ ಆದೆ ಎಂಬುದು ನನಗೇ ನೆನಪಿಲ್ಲ. ಪ್ರತಿ ಸಲವೂ ಅಂಗಿಯ ಬಣ್ಣ ಬದಲಾಯಿತು, ಕಾರಿನ ಕೆಳಗೆ ಮಲಗುವುದು ಬದಲಾಗಲಿಲ್ಲ. ನೆನಪಿರುವುದು ಬೆಲ್ಟುಗಳು. ಅದರ ಜೊತೆಗೆ ಆ ಡಿಗ್ರಿ. ಎರಡೂ ಒಂದಕ್ಕೊಂದು ಸುತ್ತಿಕೊಂಡಿರುವುದರಿಂದ ಒಟ್ಟಿಗೇ ಹೇಳುತ್ತೇನೆ.

ನನ್ನ ಊರು ಗುಬ್ಬಿ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೈಸ್ಕೂಲಿನ ಬಾಗಿಲು ದಾಟಿದವರಿರಲಿಲ್ಲ. ಪಿಯುಸಿ ಪಾಸು ಮಾಡಿದೆ. ಮುಂದಕ್ಕೆ ಓದಿಸುವ ಶಕ್ತಿ ಮನೆಗಿರಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ತುಮಕೂರಿನ ಗುಬ್ಬಿ ಗೇಟ್ ಹತ್ತಿರದ ಗ್ಯಾರೇಜು ಸೇರಿದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಆಗಿನ ಕಾರುಗಳ ಎಂಜಿನ್ ಮುಂದೆ ಒಂದು ಕಪ್ಪು ಫ್ಯಾನ್ ಬೆಲ್ಟ್ ಇರುತ್ತಿತ್ತು. ಅದು ಸುತ್ತಿದರೆ ನೀರಿನ ಪಂಪು ಸುತ್ತುತ್ತದೆ, ಬ್ಯಾಟರಿಗೆ ಕರೆಂಟು ಕೊಡುವ ಡೈನಮೋ ಸುತ್ತುತ್ತದೆ. ಸಡಿಲವಾದರೆ ಎಂಜಿನ್ ಕಾಯುತ್ತದೆ, ಬ್ಯಾಟರಿ ಇಳಿಯುತ್ತದೆ, ಕಾರು ಹಂದಿಮರಿಯ ಹಾಗೆ ಕಿರುಚುತ್ತದೆ. ಬಿಗಿ ಹೆಚ್ಚಾದರೆ ಬೇರಿಂಗು ಹೋಗುತ್ತದೆ. ಸರಿಯಾಗಿದೆಯೋ ಇಲ್ಲವೋ ನೋಡುವ ವಿಧಾನ ಒಂದೇ: ಹೆಬ್ಬೆರಳಿನಿಂದ ಒತ್ತಬೇಕು, ಅರ್ಧ ಇಂಚು ತಗ್ಗಬೇಕು.

ಯಾರ ಹೆಬ್ಬೆರಳು ಎಂದು ಯಾರೂ ಹೇಳಿರಲಿಲ್ಲ. ನಂಜುಂಡಪ್ಪನವರ ಹೆಬ್ಬೆರಳು ಪಚ್ಚಬಾಳೆ ಹಣ್ಣಿನ ಗಾತ್ರದ್ದು. ಅವರು ಒತ್ತಿದರೆ ಬೆಲ್ಟೇನು, ಎದುರಿಗೆ ನಿಂತ ಮನುಷ್ಯನೂ ತಗ್ಗುತ್ತಿದ್ದ. ಹಾಗಾಗಿ ತುಮಕೂರಿಗೆ ಬಂದ ಬೆಲ್ಟುಗಳೆಲ್ಲ ಅವರಿಗೆ ಸಡಿಲವಾಗಿಯೇ ಕಾಣುತ್ತಿದ್ದವು. "ಇನ್ನೊಂಚೂರು ಬಿಗಿ" ಎನ್ನುವರು. ನಾವು ಸಲಾಕೆ ಹಾಕಿ ಎಳೆಯುವೆವು. ಮೂರು ತಿಂಗಳಿಗೆ ಡೈನಮೋ ಬೇರಿಂಗು ಗೋಳಾಡಿಕೊಂಡು ವಾಪಸ್ಸು ಬರುವುದು. "ಈಗಿನ್ ಬೇರಿಂಗ್‌ಗಳೇ ಸರಿ ಇಲ್ಲ ಬುಡು" ಎಂದು ಅವರು ತೀರ್ಪು ಕೊಡುವರು. ನನ್ನ ಬೆರಳು ಸಣ್ಣದು. ಒಂದು ಸಲ ನಾನೇ ಸ್ವತಂತ್ರವಾಗಿ ಒತ್ತಿ, "ಸರಿ ಐತೆ" ಎಂದು ಕಳಿಸಿದ ಕಾರು ಬೆಳ್ಳಾವಿ ಮುಟ್ಟುವುದರೊಳಗೆ ಕುದ್ದು ನಿಂತಿತು. ಆ ಕಡೆ ಹೆಚ್ಚು, ಈ ಕಡೆ ಕಡಿಮೆ. ಒಂದು ಗ್ಯಾರೇಜಿನಲ್ಲಿ ಎರಡು ಹೆಬ್ಬೆರಳಿದ್ದರೆ ಹೀಗೆಯೇ.

ಗಿರಾಕಿಗಳು ನಮಗಿಂತ ಒಂದು ಕೈ ಮೇಲಿದ್ದರು. ನಮ್ಮ ಸೀಮೆಯಲ್ಲಿ ತಲೆನೋವಿಗೆ, ಕೀಲುನೋವಿಗೆ, ಕಿರುಗುಟ್ಟುವ ಬಾಗಿಲಿಗೆ, ಎಲ್ಲಕ್ಕೂ ಒಂದೇ ಮದ್ದು. ಗುಬ್ಬಿಯ ಕೊಬ್ಬರಿ ಮಂಡಿ ಸಾಹುಕಾರರೊಬ್ಬರ ಕಾರು ತಿಂಗಳಿಗೊಂದು ಬೆಲ್ಟು ನುಂಗುತ್ತಿತ್ತು. ಬಾನೆಟ್ ಎತ್ತಿದರೆ ಮದುವೆ ಮನೆಯ ವಾಸನೆ.

"ಸಾಹುಕಾರ್ರೇ, ಬೆಲ್ಟಿಗೆ ಏನಾದ್ರೂ ಹಚ್ತೀರಾ?"

"ದಿನಾ ಬೆಳಗ್ಗೆ ಎರಡೇ ಹನಿ ಕಣಪ್ಪ. ನಮ್ ಗಾಣದ್ದೇ, ಸುದ್ದವಾದ ಕೊಬ್ರಿ ಎಣ್ಣೆ. ಹಚ್ಚಿದ್ ತಕ್ಷಣ ಸೌಂಡ್ ನಿಂತೋಗುತ್ತೆ."

"ಎಣ್ಣೆ ಬಿದ್ರೆ ರಬ್ಬರ್ ಉಬ್ಬುತ್ತೆ ಸಾಹುಕಾರ್ರೇ. ಸೌಂಡ್ ನಿಲ್ಲೋದು ಬೆಲ್ಟು ಜಾರ್ತಿರೋದಕ್ಕೆ."

"ನಮ್ ಎಣ್ಣೇಲಿ ಉಬ್ಬಲ್ಲ" ಎಂದರು ಅವರು, ತಮ್ಮ ಮಗಳ ಬಗ್ಗೆ ಏನೋ ಅಂದುಬಿಟ್ಟೆನೋ ಎಂಬಂತೆ. "ಅಂಗಡಿ ಎಣ್ಣೆ ಆದ್ರೆ ಉಬ್ಬೀತು."

ಹೊಸ ಬೆಲ್ಟು ಹಾಕಿ ಕಳಿಸಿದೆ. ಮರುದಿನವೂ ಅದಕ್ಕೆ ಎರಡು ಹನಿ ಸಿಕ್ಕಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇದೆಲ್ಲ ಸಣ್ಣ ಪಾಪ. ದೊಡ್ಡ ಪಾಪ ಶುರುವಾದದ್ದು ಟೈಮಿಂಗ್ ಬೆಲ್ಟ್ ಬಂದ ಮೇಲೆ. ಅದಕ್ಕೆ ಮೊದಲು ಎಂಜಿನ್ ಒಳಗೆ ಕಬ್ಬಿಣದ ಚೈನು ಇರುತ್ತಿತ್ತು. ಕೆಳಗಿನ ಕ್ರ್ಯಾಂಕ್ ತಿರುಗಿದಂತೆ ಮೇಲಿನ ವಾಲ್ವುಗಳು ತಾಳ ತಪ್ಪದೆ ತೆರೆದು ಮುಚ್ಚುವ ಹಾಗೆ ಅದು ನೋಡಿಕೊಳ್ಳುತ್ತಿತ್ತು. ಹೊಸ ಕಾರುಗಳಲ್ಲಿ ಆ ಜಾಗಕ್ಕೆ ಹಲ್ಲಿರುವ ರಬ್ಬರ್ ಬೆಲ್ಟು ಬಂತು. ಅದು ಹರಿದರೆ ಅಥವಾ ಹಲ್ಲು ಹಾರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ, ಎಂಜಿನ್ ಇಡೀ ಬಿಚ್ಚಬೇಕು. ನಂಜುಂಡಪ್ಪನವರು ಮೊದಲ ಸಲ ಕವರು ತೆಗೆದು ನೋಡಿದಾಗ ಅವರ ಮುಖದಲ್ಲಿ ಕರುಣೆಯಿತ್ತು.

"ರಬ್ಬರ್ ಚೈನು! ಒಣಗೋಗವ್ನೆ ನೋಡೋ ಪಾಪ. ಕಂಪನಿಯೋರು ಒಂದ್ ತೊಟ್ಟು ಗ್ರೀಸ್ ಹಾಕಿಲ್ಲ."

ಹಾಕಿದರು. ಅಂಗೈ ತುಂಬ ತೆಗೆದುಕೊಂಡು, ಮಗುವಿಗೆ ಎಣ್ಣೆ ತಿಕ್ಕುವ ಹಾಗೆ ಒಂದೊಂದು ಹಲ್ಲಿಗೂ ತಿಕ್ಕಿದರು. ಅದು ಒಬ್ಬ ಡಾಕ್ಟರ ಕಾರು. ಕೆಲವೇ ವಾರದಲ್ಲಿ ಡಾಕ್ಟರು ಕಾರನ್ನು ಎಳೆಸಿಕೊಂಡು ಬಂದರು. ಬೆಲ್ಟು ಉಬ್ಬಿ, ಹಲ್ಲು ಹಾರಿ, ನಾಲ್ಕು ವಾಲ್ವು ಬಾಗಿದ್ದವು. "ಸ್ಪೀಡಾಗಿ ಓಡ್ಸಿದೀರ ಸಾರ್" ಎಂದರು ನಂಜುಂಡಪ್ಪ. ರೋಗಿಗಳಿಗೆ ತಾವು ಹೇಳುವ ಮಾತನ್ನೇ ಕೇಳಿದವರಂತೆ ಡಾಕ್ಟರು ತಲೆಯಾಡಿಸಿ ದುಡ್ಡು ಎಣಿಸಿದರು.

ಇದು ತಪ್ಪಿಸಬಹುದಾಗಿದ್ದ ಅನಾಹುತ. ಏಕೆಂದರೆ ಗ್ಯಾರೇಜಿನ ಬೀರುವಿನಲ್ಲಿ ಕಂಪನಿ ಕಳಿಸಿದ ದಪ್ಪ ಇಂಗ್ಲಿಷ್ ಪುಸ್ತಕವೊಂದಿತ್ತು. ಯಾವ ನಟ್ಟು ಎಷ್ಟು ಬಿಗಿ, ಯಾವ ಬೆಲ್ಟು ಹೇಗೆ ಹಾಕಬೇಕು, ಎಲ್ಲ ಅದರಲ್ಲಿದೆ ಎಂದು ಕೊಟ್ಟು ಹೋದವರು ಹೇಳಿದ್ದರು. ಅದು ಹೊರಗೆ ಬರುತ್ತಿದ್ದುದು ವರ್ಷಕ್ಕೊಂದು ಸಲ, ಆಯುಧಪೂಜೆಗೆ. ಸ್ಪ್ಯಾನರ್‌ಗಳ ಪಕ್ಕದಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಮತ್ತೆ ಒಳಗಿಟ್ಟು ಬೀಗ. ದೇವರ ಮೂರ್ತಿಯನ್ನಾದರೂ ತಿಂಗಳಿಗೊಮ್ಮೆ ತೊಳೆಯುತ್ತಾರೆ. ಈ ಪುಸ್ತಕವನ್ನು ತೆರೆದವರೇ ಇಲ್ಲ.

ನಾನು ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ತೆರೆದೆ. ಕುಂಕುಮದ ನೀರು ಇಳಿದು ಹಾಳೆಗಳು ಅಂಟಿಕೊಂಡಿದ್ದವು. ಬ್ಲೇಡಿನಿಂದ ಬಿಡಿಸಿದೆ. ಚಿತ್ರ ನೋಡಿ ಬೆಲ್ಟಿನ ಪುಟ ಸಿಕ್ಕಿತು. ಒಂದು ಸಾಲಿಗೆ ಕಪ್ಪು ಚೌಕಟ್ಟು ಹಾಕಿದ್ದರು. ಡಿಕ್ಷನರಿ ಇಟ್ಟುಕೊಂಡು ಆ ಒಂದು ಸಾಲು ಬಿಡಿಸಲು ಮೂರು ದಿನದ ಊಟದ ಹೊತ್ತು ಹೋಯಿತು. ಬೆಲ್ಟಿಗೆ ಎಣ್ಣೆಯಾಗಲಿ ಗ್ರೀಸಾಗಲಿ ತಾಗಬಾರದು ಎಂದಿತ್ತು.

ನಂಜುಂಡಪ್ಪನವರಿಗೆ ತೋರಿಸಿದೆ. ಅವರು ಸಾಲನ್ನು ನೋಡಲಿಲ್ಲ.

"ಪೂಜೆ ಮಾಡೋ ವಸ್ತು ಕಣೋ ಅದು. ಕೈ ತೊಳ್ಕಂಡಿದ್ಯಾ?"

ಆ ವಾರವೇ ಹೋಗಿ ಅಂಚೆಯಲ್ಲಿ ಓದುವ ಬಿ.ಎ.ಗೆ ಹೆಸರು ಕಟ್ಟಿದೆ. ಕನ್ನಡ, ಇತಿಹಾಸ, ಸಮಾಜಶಾಸ್ತ್ರ, ಜೊತೆಗೆ ಕಡ್ಡಾಯವಾಗಿ ಇಂಗ್ಲಿಷ್. ಪುಸ್ತಕ ಓದಲು ಬರಬೇಕು ಎಂಬುದು ಒಂದು ಕಾರಣ. ಇನ್ನೊಂದು, ನಮ್ಮ ಮನೆತನದಲ್ಲಿ ಒಬ್ಬನಾದರೂ ಹೆಸರಿನ ಮುಂದೆ ಎರಡಕ್ಷರ ಹಾಕಿಕೊಳ್ಳಬೇಕು ಎಂಬ ಹಟ. ಷರತ್ತು ಒಂದೇ: ಇಂತಿಷ್ಟು ವರ್ಷದೊಳಗೆ ಎಲ್ಲ ಪೇಪರು ಮುಗಿಯಬೇಕು, ಇಲ್ಲವಾದರೆ ಪಾಸಾದದ್ದೆಲ್ಲ ರದ್ದು, ಮತ್ತೆ ಮೊದಲಿನಿಂದ. ಕನ್ನಡ ಪಾಸಾಯಿತು, ಇತಿಹಾಸ ಪಾಸಾಯಿತು, ಸಮಾಜಶಾಸ್ತ್ರವೂ ದಡ ಸೇರಿತು. ಇಂಗ್ಲಿಷ್ ಮಾತ್ರ ತುಕ್ಕು ಹಿಡಿದ ಬೋಲ್ಟಿನ ಹಾಗೆ ಕೂತುಬಿಟ್ಟಿತು. ಒಂದು ಸಲ ಫೇಲು, ಎರಡು ಸಲ, ಮೂರು ಸಲ, ನಾಲ್ಕು ಸಲ. ಪ್ರತಿ ಸಲ ಫಲಿತಾಂಶ ಬಂದಾಗಲೂ ನಂಜುಂಡಪ್ಪನವರು ಎಲ್ಲರಿಗೂ ಟೀ ಹೇಳುತ್ತಿದ್ದರು. ಅಷ್ಟು ಉದಾರತೆ ಅವರಲ್ಲಿ ಬೇರೆ ಸಂದರ್ಭದಲ್ಲಿ ಕಾಣುತ್ತಿರಲಿಲ್ಲ.

ಓದಿದವನೆಂದು ಯಾರೂ ಬೀಗಬಾರದು, ಅದಕ್ಕೆ ನನ್ನದೇ ಒಂದು ಕಥೆ ಇದೆ. ಟೈಮಿಂಗ್ ಬೆಲ್ಟಿನಲ್ಲಿ ನನ್ನ ಜೊತೆಗಾರರು ಅನ್ವರ್ ಭಾಯ್. ತುಮಕೂರಿನವರೇ, ಮೂರು ತಲೆಮಾರಿನಿಂದ ಗಾಡಿ ರಿಪೇರಿಯ ಮನೆತನ. ಎಂಜಿನ್ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರೆ ರೋಗ ಹೇಳುವ ಮನುಷ್ಯ. ಒಂದು ಹಳೆ ಡೀಸೆಲ್ ಕಾರು ಬಂತು. ಅದರ ಬೆಲ್ಟು ಸುತ್ತುವ ಗಾಲಿಗಳ, ಅಂದರೆ ಪುಲ್ಲಿಗಳ, ಮೇಲಿನ ತಾಳದ ಗುರುತುಗಳು ಸವೆದು ಹೋಗಿದ್ದವು. ನಾವು ಒಂದು ಉಪಾಯ ಮಾಡಿದೆವು. ಪರೀಕ್ಷೆಗೆಂದು ನಾನು ಕೊಂಡಿದ್ದ ವೈಟ್ನರ್‌ನಿಂದ ಮೇಲಿನ ಪುಲ್ಲಿಗೊಂದು, ಕೆಳಗಿನದಕ್ಕೊಂದು ಬಿಳಿ ಚುಕ್ಕೆ ಇಟ್ಟೆವು. ಚುಕ್ಕೆಯಿಂದ ಚುಕ್ಕೆಗೆ ಹಳೆ ಬೆಲ್ಟಿನಲ್ಲಿ ಎಷ್ಟು ಹಲ್ಲಿದೆ ಎಂದು ನಾನೊಬ್ಬನೇ ಎಣಿಸಿಕೊಂಡೆ. ನಲವತ್ತೊಂದು. ಹೊಸ ಬೆಲ್ಟಿನಲ್ಲಿ ಅಷ್ಟೇ ಹಲ್ಲು ಎಣಿಸಿ ಗುರುತು ಹಾಕಿ ಕೂರಿಸಬೇಕು. ನಾನು ಬಾಯಲ್ಲಿ ಎಣಿಸುವುದು, ಅನ್ವರ್ ಭಾಯ್ ನನ್ನ ದನಿಗೆ ಸರಿಯಾಗಿ ಒಂದೊಂದು ಹಲ್ಲು ದಾಟುತ್ತ ಹೋಗುವುದು.

ನಮ್ಮಪ್ಪ ಗುಬ್ಬಿ ಮಂಡಿಯಲ್ಲಿ ತೆಂಗಿನಕಾಯಿ ಎಣಿಸುವ ಕೆಲಸ ಮಾಡುತ್ತಿದ್ದರು. ಮಂಡಿಯಲ್ಲಿ ಎಣಿಕೆ 'ಒಂದು' ಎಂದು ಶುರುವಾಗುವುದಿಲ್ಲ. ಮೊದಲನೆಯದಕ್ಕೆ 'ಲಾಭ' ಎನ್ನಬೇಕು. ಲಾಭ, ಎರಡು, ಮೂರು, ಹೀಗೆ. ನಾನು ಬಾಲ್ಯದಿಂದ ಹಾಗೆಯೇ ಎಣಿಸಿದವನು. ಎಣಿಸಿದೆ.

ನಲವತ್ತೊಂದಕ್ಕೆ ಗುರುತು ಹಾಕಿದೆವು, ಬೆಲ್ಟು ಕೂರಿಸಿದೆವು. ಕಾರು ಸ್ಟಾರ್ಟೇನೋ ಆಯಿತು. ಆದರೆ ಮೆಟ್ಟಿಲು ಹತ್ತುವ ಮುದುಕನಂತೆ ಏದುಸಿರು ಬಿಡುತ್ತ, ಕಪ್ಪು ಹೊಗೆ ಕಾರುತ್ತ ನಿಂತಿತು. ಡೀಸೆಲ್ ಪಂಪು ನೋಡಿದೆವು, ಫಿಲ್ಟರು ನೋಡಿದೆವು, ಇಡೀ ದಿನ ಹೋಯಿತು. ಸಂಜೆ ಕವರು ಬಿಚ್ಚಿ ನಾನೇ ಮತ್ತೆ ಎಣಿಸಿದರೆ ನಲವತ್ತು. ಒಂದು ಹಲ್ಲು ಕಡಿಮೆ.

"ಅನ್ವರ್ ಭಾಯ್, ನಾನು ಸರಿಯಾಗೇ ಎಣ್ಸಿದ್ನಲ್ಲ?"

"ನಾನೂ ಸರಿಯಾಗೇ ದಾಟಿದ್ನಲ್ಲಪ್ಪ. ನೀನು ಎರಡು ಅಂದೆ, ಮೊದಲ್ನೇ ಹಲ್ಲು ಮುಟ್ದೆ. ಒಂದು ಯಾಕ್ ಬಿಟ್ಟ ಅಂತ ಅನ್ಕೊಂಡೆ, ನಿಮ್ ಕಡೆ ಪದ್ಧತಿ ಇರ್ಬೋದು ಅಂತ ಸುಮ್ನಾದೆ."

"ಲಾಭ ಅಂದಾಗ ಏನ್ ಮಾಡ್ತಿದ್ರಿ?"

"ಲಾಭಕ್ಕಾ? ಅದು ನಿಮ್ ದೇವ್ರ ಹೆಸ್ರು ಅನ್ಕೊಂಡೆ ಕಣೋ. ನಾವು ಬಿಸ್ಮಿಲ್ಲಾ ಹೇಳಲ್ವಾ, ಹಂಗೆ. ನಾನೂ ಮನಸ್ಸಲ್ಲಿ ಬಿಸ್ಮಿಲ್ಲಾ ಅಂದೆ."

ಅಂದರೆ ಆ ಬೆಲ್ಟಿಗೆ ಎರಡು ಧರ್ಮದ ಪ್ರಾರ್ಥನೆ ಸಿಕ್ಕಿತ್ತು, ಒಂದು ಹಲ್ಲು ಸಿಕ್ಕಿರಲಿಲ್ಲ. ಆ ಹೊತ್ತಿಗೆ ನಾನು ಕುಂಕುಮದ ಪುಸ್ತಕದಲ್ಲಿ ಒಂದಷ್ಟು ಪುಟ ಓದಿದ್ದೆ. ಬೆಲ್ಟು ಹಾಕಿದ ಮೇಲೆ ಸ್ಟಾರ್ಟ್ ಮಾಡುವ ಮೊದಲು ಎಂಜಿನ್ನನ್ನು ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ಪೂರ್ತಿ ತಿರುಗಿಸಿ, ಪುಲ್ಲಿಗಳ ಗುರುತು ಎರಡೂ ತಮ್ಮ ಜಾಗಕ್ಕೆ ಬಂದಿವೆಯೇ ನೋಡಬೇಕು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಓದಿದ್ದೆ, ಮಾಡಿರಲಿಲ್ಲ. ನಂಜುಂಡಪ್ಪನವರು ಓದದೆ ತಪ್ಪು ಮಾಡಿದರು, ನಾನು ಓದಿಯೂ ತಪ್ಪು ಮಾಡಿದೆ. ಇದರಲ್ಲಿ ಯಾರು ದೊಡ್ಡ ದಡ್ಡ ಎಂದು ನೀವೇ ಯೋಚಿಸಿ. ಅಂದಿನಿಂದ ಕೈಯಲ್ಲಿ ಎರಡು ಸುತ್ತು ತಿರುಗಿಸದೆ ನಾನು ಒಂದು ಕಾರಿಗೂ ಚಾವಿ ಹಾಕಿಲ್ಲ. ನೀವೂ ಹಾಕಬೇಡಿ.

ಇನ್ನೊಂದು ಮಾತು, ಇಲ್ಲೇ ಹೇಳಿಬಿಡುತ್ತೇನೆ. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಎಂಬ ಸಣ್ಣ ಗಾಲಿ ಇರುತ್ತದೆ. "ಬೆಲ್ಟ್ ಮಾತ್ರ ಹಾಕಿ, ಗಾಲಿ ಚೆನ್ನಾಗೇ ಐತಲ್ಲ" ಎನ್ನುವ ಗಿರಾಕಿ ಪ್ರತಿ ವಾರ ಬರುತ್ತಾನೆ. ಅದನ್ನು ಬೆರಳಲ್ಲಿ ತಿರುಗಿಸಿ ಕಿವಿ ಹತ್ತಿರ ಹಿಡಿಯಿರಿ. ರಾಗಿ ಬೀಸುವ ಶಬ್ದ ಬಂದರೆ ಅದು ಮುಗಿದ ಕಥೆ. ಶಬ್ದ ಬರದಿದ್ದರೂ ಬದಲಾಯಿಸಿ. ಅದರ ಹಿಂದೆಯೇ ಇರುವ ನೀರಿನ ಪಂಪು, ಆಯಿಲ್ ಸೀಲುಗಳನ್ನೂ ನೋಡಿ. ಹೊಸ ಬೆಲ್ಟಿಗೆ ಹಳೆ ಗಾಲಿ ಕಟ್ಟಿಕೊಟ್ಟ ಕಾರೊಂದು ಸಿ.ಎಸ್. ಪುರದ ಹತ್ತಿರ ನಿಂತಾಗ, ಅದರ ಯಜಮಾನರು ನನ್ನ ಮೂರು ತಲೆಮಾರನ್ನು ಹೆಸರು ಹಿಡಿದು ಬೈದರು. ನಮ್ಮ ವಂಶದ ಹೆಸರುಗಳು ಅಷ್ಟು ದೂರ ಹರಡಿವೆ ಎಂದು ನನಗೆ ಗೊತ್ತಾದದ್ದೇ ಆಗ.

ಇನ್ನು ಆ ಕೊನೆಯ ಪರೀಕ್ಷೆ. ಇಂಗ್ಲಿಷ್ ಪೇಪರಿಗೆ ಅದು ನನ್ನ ಐದನೆಯ ಸಲ, ವಿಶ್ವವಿದ್ಯಾಲಯ ಕೊಟ್ಟ ವರ್ಷಗಳ ಕೊನೆಯ ಅವಕಾಶ. ಫೇಲಾದರೆ ಅಷ್ಟೂ ವರ್ಷ ಓದಿದ್ದು ನೀರಿನಲ್ಲಿ. ಬುಧವಾರ, ಮಧ್ಯಾಹ್ನ ಎರಡು ಗಂಟೆಗೆ, ತುಮಕೂರಿನಲ್ಲಿ. ಅರ್ಧ ಗಂಟೆ ತಡವಾದರೆ ಒಳಗೆ ಬಿಡುವುದಿಲ್ಲ. ರಜೆ ಕೇಳಿದ್ದೆ. ಮಧ್ಯಾಹ್ನದ ಪರೀಕ್ಷೆಗೆ ಬೆಳಿಗ್ಗೆ ಯಾಕೆ ರಜೆ ಎಂದು ನಂಜುಂಡಪ್ಪನವರು ತರ್ಕಬದ್ಧವಾಗಿ ಕೇಳಿದರು.

ಬೆಳಿಗ್ಗೆ ಎಂಟಕ್ಕೆ ಕುಣಿಗಲ್‌ನಿಂದ ಫೋನು. ಹಳೆ ಗಿರಾಕಿ, ಕಂಟ್ರಾಕ್ಟರ್ ಲೋಕೇಶಪ್ಪನವರ ಕಾರು ದೊಡ್ಡಕೆರೆ ಏರಿಯ ಹತ್ತಿರ ಫ್ಯಾನ್ ಬೆಲ್ಟ್ ಹರಿದುಕೊಂಡು ನಿಂತಿದೆ. ತಮ್ಮನಿಗೆ ಹೆಣ್ಣು ನೋಡಲು ತುಮಕೂರಿಗೆ ಹೊರಟಿದ್ದಾರೆ.

"ಹೋಗ್ ಬಾರೋ, ಒಂದ್ ಬೆಲ್ಟ್ ಹಾಕೋಕೆ ಎಷ್ಟೊತ್ತು? ಹತ್ತೂವರೆಗೆ ವಾಪಸ್ ಬರ್ತೀಯ" ಎಂದು ಫೋರ್‌ಮನ್ ಒಂದು ಬೆಲ್ಟು ಕೈಗಿಟ್ಟರು.

ಕುಣಿಗಲ್‌ನಲ್ಲಿ ಇಳಿದು ಹಾಕಲು ನೋಡಿದರೆ ಬೆಲ್ಟು ಒಂದು ಗೇಣು ಉದ್ದ. "ಫೋನಲ್ಲಿ ಯಾವ ಕಾರು ಅಂತ ಹೇಳಿದ್ರಾ ಸಾರ್?" ಎಂದೆ.

"ನಂಜುಂಡಪ್ಪ ಬಣ್ಣ ಕೇಳಿದ್ರು. ಬಿಳಿ ಅಂದೆ" ಎಂದರು ಲೋಕೇಶಪ್ಪ.

ಅಷ್ಟೇ ಆಗಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಬರುವುದರೊಳಗೆ ಬಂಧುಗಳೆಲ್ಲ ಸೇರಿ ಬಾಳೆಗೊನೆ ಕಟ್ಟಿದ್ದ ತೆಂಗಿನ ನಾರಿನ ಹಗ್ಗವನ್ನೇ ಬೆಲ್ಟಿನ ಜಾಗಕ್ಕೆ ಬಿಗಿದು ಸ್ಟಾರ್ಟ್ ಮಾಡಿದ್ದರು. ಹಗ್ಗ ಪುಡಿಪುಡಿಯಾಗಿ, ನಾರು ಮೂರು ಪುಲ್ಲಿಗೂ ಜಡೆ ಹೆಣೆದ ಹಾಗೆ ಸುತ್ತಿತ್ತು. ಹಣ್ಣು ಕುಯ್ಯಲು ತಂದಿದ್ದ ಚಾಕು ತೆಗೆದುಕೊಂಡು ಅದನ್ನು ಕೆರೆದು ತೆಗೆಯುವುದರಲ್ಲೇ ಹನ್ನೊಂದೂವರೆಯಾಯಿತು. ಪೇಟೆಯಲ್ಲಿ ಎರಡು ಅಂಗಡಿ ಸುತ್ತಿದೆ, ಆ ಅಳತೆಯ ಬೆಲ್ಟಿಲ್ಲ. ಹಗ್ಗದ ತುಂಡಿನಲ್ಲಿ ಪುಲ್ಲಿಗಳ ಸುತ್ತಳತೆ ತೆಗೆದುಕೊಂಡು ಹಿಟ್ಟಿನ ಗಿರಣಿಗೆ ಹೋದೆ. ಮೆಣಸಿನಪುಡಿ ಮಾಡುವ ಸಣ್ಣ ಮೆಷಿನ್ನಿಗೂ ಇಂಥದ್ದೇ ಬೆಲ್ಟು ಇರುತ್ತದೆ. ಗೋಡೆಯ ಮೊಳೆಗೆ ಹಳೆಯದೊಂದು ನೇತಾಡುತ್ತಿತ್ತು. ಅಳತೆ ಹೆಚ್ಚೂಕಡಿಮೆ ಕೂಡಿತು.

"ಅಮ್ಮ, ಇದನ್ ಕೊಡ್ತೀರಾ? ನನಗೆ ಎರಡ್ ಗಂಟೆಗೆ ಪರೀಕ್ಷೆ."

ಗಿರಣಿಯಮ್ಮ ನನ್ನ ದಪ್ಪ ಮೀಸೆ, ಕಪ್ಪು ಕೈ ನೋಡಿದರು. "ಯಾವ್ ಕ್ಲಾಸಪ್ಪ?" ಎಂದು ಕೇಳಿ, ನಗು ತಡೆದುಕೊಂಡು ಬೆಲ್ಟು ಕೊಟ್ಟರು.

ಹಾಕಿ, ಬಿಗಿ ನೋಡಿ, ನೀರು ತುಂಬಿ ಮುಗಿಸಿದಾಗ ಹನ್ನೆರಡು ಮುಕ್ಕಾಲು. ಬಸ್ಸು ಆಗಷ್ಟೇ ಹೋಗಿತ್ತು. ಲೋಕೇಶಪ್ಪನವರು, "ನಮ್ ಜೊತೇಲೆ ಬಾರಪ್ಪ, ಕಾಲೇಜ್ ಹತ್ರ ಬಿಡ್ತೀವಿ" ಎಂದರು. ಜೀವ ಬಂತು. ಆದರೆ ಹೊರಗೆ ನಿಂತಿದ್ದವರು ಯಾರೂ ಕಾರು ಹತ್ತಲಿಲ್ಲ.

"ಬುಧವಾರ. ಹನ್ನೆರಡರಿಂದ ಒಂದೂವರೆ ರಾಹುಕಾಲ" ಎಂದರು ಅವರ ಸೋದರಮಾವ, ಗಡಿಯಾರ ನೋಡುತ್ತ. "ಹೆಣ್ ನೋಡಕ್ ಹೋಗೋರು, ರಾಹುಕಾಲ್ದಲ್ ಹೊರಡೋದಾ? ಒಂದೂವರೆ ಆಗ್ಲಿ."

ಒಂದೂವರೆಗೆ ಹೊರಟರೆ ಆ ರಸ್ತೆಯಲ್ಲಿ ಎರಡೂವರೆ ಮೇಲಾಗುತ್ತದೆ. ಹಿರಿಯರ ಮುಂದೆ ಕೈಕಟ್ಟಿ ನಿಂತು ಹೇಳಿದೆ: "ಸ್ವಾಮಿ, ನೀವು ಬೆಳಗ್ಗೆ ಏಳಕ್ಕೇ ಮನೆ ಬಿಟ್ಟಿದ್ದೀರ. ಹೊರಟಿದ್ದು ಆವಾಗ್ಲೇ ಆಯ್ತಲ್ಲ? ಇದು ದಾರೀಲಿ ನಿಂತಿದ್ದು ಅಷ್ಟೇ."

ಸೋದರಮಾವ ಒಪ್ಪುವವರಲ್ಲ. ಆದರೆ ಹಿಂದಿನ ಸೀಟಿನಲ್ಲಿ ಹಣ್ಣಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಲೋಕೇಶಪ್ಪನವರ ತಾಯಿ ಬಾಯಿ ಬಿಟ್ಟರು.

"ಆ ಹುಡ್ಗ ಹೇಳೋದು ಸರಿ ಐತೆ. ನಾನು ಹೊಸಲು ದಾಟ್ದಾಗ ಸೂರ್ಯ ಕಣ್ಬಿಟ್ಟಿದ್ನಷ್ಟೆ. ಕೆರೆ ಏರಿ ಮೇಲೆ ಬಿಸ್ಲಲ್ ಒಣಗೋಕೆ ಯಾವ್ ಮುಹೂರ್ತ ನೋಡಿದ್ರಿ? ಹತ್ರೋ ಎಲ್ಲಾ."

ಹೊರಟೆವು. ಬೆಲ್ಟು ಕಾಯುತ್ತಿದ್ದಂತೆ ಅದರ ಮೈಗೆ ಹತ್ತಿದ್ದ ಎಷ್ಟೋ ವರ್ಷದ ಮೆಣಸಿನಪುಡಿ ಎದ್ದಿತು. ಫ್ಯಾನು ಅದನ್ನು ನಿಷ್ಠೆಯಿಂದ ಒಳಗೆ ದಬ್ಬಿತು. ಮೊದಲು ಲೋಕೇಶಪ್ಪ ಸೀನಿದರು, ಆಮೇಲೆ ಮದುಮಗನಾಗಬೇಕಾದವನು, ಆಮೇಲೆ ಎಲ್ಲರೂ.

"ಅಪಶಕುನ!" ಎಂದು ಸೋದರಮಾವ ಕೂಗಿ, ತಾವೂ ಸೀನಿದರು.

"ಒಂಟಿ ಸೀನಾದ್ರೆ ಅಪಶಕುನ ಕಣಣ್ಣ, ಇದು ಲೆಕ್ಕಕ್ಕೇ ಸಿಗಲ್ಲ ಬುಡು" ಎಂದರು ತಾಯಿ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ.

ದಾರಿಯಲ್ಲಿ ಎರಡು ಸಲ ನಿಲ್ಲಿಸಿ ನೀರು ಹಾಕಿದೆ. ಕಾಲೇಜಿನ ಗೇಟಿನಲ್ಲಿ ಇಳಿದಾಗ ಎರಡು ಗಂಟೆ ಹನ್ನೆರಡು ನಿಮಿಷ. ಬಾಗಿಲಲ್ಲಿದ್ದ ಮೇಡಂ ನನ್ನ ಕೆಂಪು ಕಣ್ಣು, ಸುರಿಯುತ್ತಿರುವ ನೀರು ನೋಡಿ ಮೆತ್ತಗಾದರು. "ಅಳ್ಬೇಡಿ, ಇನ್ನೂ ಟೈಮಿದೆ, ಕೂತ್ಕೊಳ್ಳಿ" ಎಂದರು. ನಾನು ಅವರ ಕರುಣೆಯನ್ನು ಹಾಳು ಮಾಡಲಿಲ್ಲ.

ಪೇಪರಿನ ಮೊದಲ ಅರ್ಧ ಯಥಾಪ್ರಕಾರ ನನ್ನ ಜೀವ ತೆಗೆಯಿತು. ಒಂದು ಪದ್ಯದಲ್ಲಿ ಯಾವುದೋ ಹಕ್ಕಿ ಹಾಡುತ್ತಿತ್ತು. ಯಾಕೆ ಎಂದು ಕೇಳಿದ್ದರು. ನನಗೇನು ಗೊತ್ತು? ಕೊನೆಗೆ, ನಿಮಗೆ ಚೆನ್ನಾಗಿ ತಿಳಿದಿರುವ ಯಾವುದಾದರೂ ಒಂದು ಕೆಲಸವನ್ನು ಮಾಡುವ ವಿಧಾನ ಬರೆಯಿರಿ ಎಂದಿತ್ತು. ಸುತ್ತ ಹುಡುಗ ಹುಡುಗಿಯರು ಟೀ ಮಾಡುವುದು ಬರೆಯುತ್ತಿದ್ದರು. ನಾನು ಪೆನ್ನು ಎತ್ತಿ, ಕುಂಕುಮ ಅಂಟಿದ ಪುಟಗಳನ್ನು ನೆನೆದುಕೊಂಡು ಟೈಮಿಂಗ್ ಬೆಲ್ಟ್ ಬದಲಾಯಿಸುವುದು ಬರೆದೆ. ಬ್ಯಾಟರಿ ವೈರು ಬಿಚ್ಚಿ. ಕವರು ತೆಗೆಯಿರಿ. ಗುರುತು ಕೂಡಿಸಿ. ತಿರುಚಬೇಡಿ. ಮಡಚಬೇಡಿ. ಎಣ್ಣೆ ತಾಗಿಸಬೇಡಿ. ಟೆನ್ಷನರ್ ಬದಲಾಯಿಸಿ. ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಮತ್ತೆ ನೋಡಿ. ಎಲ್ಲವೂ ಇಂಗ್ಲಿಷಿನಲ್ಲಿ, ಒಂದು ಕಾಗುಣಿತವೂ ತಪ್ಪದೆ. ಮೂರು ಪುಟವಾಯಿತು. ಪ್ರತಿ ಪುಟದ ಮೂಲೆಯಲ್ಲೂ ನನ್ನ ಹೆಬ್ಬೆರಳ ಕಪ್ಪು ಗುರುತು.

ಪಾಸಾದೆ. ದಾಟಬೇಕಾದ ಗೆರೆಯ ಮೇಲೆ ನಾಲ್ಕು ಅಂಕ ಹೆಚ್ಚು. ಆ ಹೆಣ್ಣೂ ಒಪ್ಪಿಗೆಯಾಯಿತಂತೆ. ಹೆಣ್ಣನ್ನು ನೋಡುತ್ತಲೇ ಕಣ್ಣೀರು ಹಾಕಿದ ಹುಡುಗ ಬಹಳ ಮೃದು ಮನಸ್ಸಿನವನು ಎಂದು ಅವರ ಕಡೆಯವರಿಗೆ ಅನ್ನಿಸಿತಂತೆ.

ಈ ಸಲ ಫಲಿತಾಂಶದ ದಿನ ಗ್ಯಾರೇಜಿನಲ್ಲಿ ಟೀ ಬರಲಿಲ್ಲ. ನಾನೇ ತರಿಸಿದೆ. ನಂಜುಂಡಪ್ಪನವರು ಲೋಟ ಖಾಲಿ ಮಾಡಿ, ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿ, ಯಾರೂ ಇಲ್ಲದಾಗ ಬೀರುವಿನ ಚಾವಿಯನ್ನು ನನ್ನ ಟೂಲ್ ಬಾಕ್ಸಿನ ಮೇಲಿಟ್ಟು ಹೋದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣ.

ಸರ್ಟಿಫಿಕೇಟು ಬಂದ ದಿನ ಕೈ ಮೂರು ಸಲ ತೊಳೆದುಕೊಂಡು ಹೋಗಿ, ಕೌಂಟರಿನಲ್ಲಿ ಸಹಿ ಹಾಕಿ ತೆಗೆದುಕೊಂಡೆ. ಪತ್ರಿಕೆಯಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ನಿಂತೇ ಗುಬ್ಬಿಗೆ ಬಂದೆ. ಅಪ್ಪ ಜಗಲಿಯ ಮೇಲೆ ಕೂತಿದ್ದರು. ಆರು ತಿಂಗಳ ನನ್ನ ಮಗಳು ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ಹಿಡಿದರು. ಮೇಲಿಂದ ಕೆಳಗೆ ನಿಧಾನವಾಗಿ ಕಣ್ಣಾಡಿಸಿದರು, ಮೊಹರಿನ ಉಬ್ಬನ್ನು ಬೆರಳಿನಿಂದ ಸವರಿದರು, ಆಮೇಲೆ ತಿರುವಿ ಹಿಂಬದಿ ನೋಡಿದರು. ತೊಡೆಯ ಮೇಲಿನ ಮಗುವಿನ ಕಡೆ ಕಣ್ಣು ಹಾಯಿಸಿದರು.

"ಹಿಂದ್ಗಡೆ ಖಾಲಿ ಬಿಟ್ಟವ್ರಲ್ಲೋ ರಂಗ" ಎಂದರು. "ಈ ಮಗೀದೂ ಬರ್ಕಳ್ಳಕ್ಕೆ ಜಾಗ ಬಿಟ್ಟವ್ರಾ?"